45 ಎಂಬ ಅಂಕಿ ಹುಟ್ಟಿದ ಬಾವಿಗಳು

ಕುಡಿಯುವ ನೀರಿನ ಪರೀಕ್ಷಾ ವರದಿಯಲ್ಲಿ ನೈಟ್ರೇಟ್ ಎಂಬ ಸಾಲಿನ ಎದುರು 45 ಎಂಬ ಅಂಕಿ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎನ್ನುವುದು ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಹೇಳುವ ಮಿತಿ. ಗಡಸುತನ, ಕ್ಲೋರೈಡ್‌ನಂಥವಕ್ಕೆ ಬೇರೆ ನೀರೇ ಸಿಗದ ಕಡೆ ಕೊಂಚ ಸಡಿಲಿಕೆ ಉಂಟು; ನೈಟ್ರೇಟಿಗೆ 2012ರ ಆವೃತ್ತಿಯಲ್ಲಿ ಅದೂ ಇಲ್ಲ. ಇಷ್ಟು ಬಿಗಿಯಾಗಿ ನಿಂತಿರುವ ಈ ಅಂಕಿಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ಅಮೆರಿಕದ ಅಯೋವಾ ರಾಜ್ಯದ ರೈತರ ಮನೆಯಂಗಳದ ಹಳೆಯ ತೋಡುಬಾವಿಗಳು.

1945ರಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರಾಗ ಅಯೋವಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದಲ್ಲಿದ್ದರು. ಹಳ್ಳಿಗಾಡಿನಿಂದ ಬಂದ ಎಳೆಗೂಸುಗಳ ಮೈ ನೀಲಿಗಟ್ಟುತ್ತಿತ್ತು. ತುಟಿ, ಉಗುರುಗಳ ಬಣ್ಣ ನೋಡಿದವರಿಗೆ ಮೊದಲು ಬರುವ ಅನುಮಾನ ಹೃದಯದ ಮೇಲೆ. ಇಲ್ಲಿ ದೋಷ ಇದ್ದದ್ದು ರಕ್ತದಲ್ಲಿ. ಈ ಕಾಯಿಲೆಯಲ್ಲಿ ರಕ್ತ ಕೆಂಪು ಕಳೆದುಕೊಂಡು ಚಾಕೊಲೇಟ್ ಬಣ್ಣಕ್ಕೆ ತಿರುಗಿರುತ್ತದೆ. ಕಾಮ್ಲಿ ಕೂಸುಗಳ ಮೈಯಿಂದ ಕಣ್ಣು ತೆಗೆದು ಅವುಗಳ ಬಾಟಲಿ ನೋಡಿದರು, ಬಾಟಲಿಯ ಹಾಲಿಗೆ ಬೆರೆಸಿದ ನೀರು ನೋಡಿದರು, ಕೊನೆಗೆ ಆ ನೀರು ಬಂದ ಬಾವಿಯನ್ನು ನೋಡಿದರು. ವೈದ್ಯರೊಬ್ಬರ ತನಿಖೆ ಕೊಟ್ಟಿಗೆಯ ಪಕ್ಕದ ಬಾವಿಕಟ್ಟೆಗೆ ಬಂದು ನಿಂತ ಈ ದಾರಿಯೇ ಮುಂದಿನದಕ್ಕೆಲ್ಲ ಮೂಲ.

ದೊಡ್ಡವರ ದೇಹ ನೈಟ್ರೇಟನ್ನು ಬಹುಪಾಲು ಮೂತ್ರದಲ್ಲಿ ಹೊರಹಾಕುತ್ತದೆ. ಮೂರ್ನಾಲ್ಕು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಅಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಿ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನಿನ ಕಬ್ಬಿಣಾಂಶವನ್ನು ಉತ್ಕರ್ಷಿಸುತ್ತದೆ. ಹಾಗೆ ಆದದ್ದು ಮೆಥಿಮೋಗ್ಲೋಬಿನ್. ಅದು ಆಮ್ಲಜನಕ ಹೊರಲಾರದು. ಅದನ್ನು ಮತ್ತೆ ಸರಿಪಡಿಸುವ ಕಿಣ್ವವೂ ಕೂಸಿನಲ್ಲಿ ಸಾಲದಷ್ಟಿರುತ್ತದೆ. ಹೀಗಾಗಿ ಉಸಿರು ಆಡುತ್ತಿದ್ದರೂ ಮೈಗೆ ಆಮ್ಲಜನಕ ಮುಟ್ಟುವುದಿಲ್ಲ. ಚಿಕಿತ್ಸೆಗೆ ರಕ್ತನಾಳಕ್ಕೆ ಕೊಡುವ ಔಷಧಿ ಮೆಥಿಲೀನ್ ಬ್ಲೂ, ಅದೂ ಒಂದು ನೀಲಿ ಬಣ್ಣವೇ. ಎಲ್ಲಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಕೂಸಿಗೆ ಕೊಡುವ ನೀರನ್ನು ಚೆನ್ನಾಗಿ ಕುದಿಸುವುದು ಜೋಪಾನದ ತಾಯಿ ಮಾಡುವ ಮೊದಲ ಕೆಲಸ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕುಗ್ಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಹೆಚ್ಚು ಹೊತ್ತು ಕುದಿಸಿದವಳ ಬಾಟಲಿಯಲ್ಲೇ ಹೆಚ್ಚು ವಿಷ.

ಕಾಮ್ಲಿ ಬಾವಿಗಳ ಸ್ಥಿತಿಯನ್ನೂ ದಾಖಲಿಸಿದರು. ಹಳೆಯವು, ಕೈಯಲ್ಲಿ ತೋಡಿದವು, ಒಳಗೋಡೆ ಸರಿಯಿಲ್ಲದವು, ಮುಚ್ಚಳ ಭದ್ರವಿಲ್ಲದವು. ದನದ ಅಂಗಳವೂ ಗುಂಡಿ ಕಕ್ಕಸೂ ಪಕ್ಕದಲ್ಲೇ. ಕೂಸಿನ ಹಾಲಿಗೆ ಬಳಸುವ ನೀರಿನಲ್ಲಿ ನೈಟ್ರೇಟಿನ ರೂಪದ ಸಾರಜನಕ ಹತ್ತು ಲಕ್ಷಕ್ಕೆ 10 ಭಾಗ, ಹೆಚ್ಚೆಂದರೆ 20 ಭಾಗ ಮೀರದಿರಲಿ ಎಂದು ಅವರು ಸಲಹೆ ಕೊಟ್ಟರು. 1951ರಲ್ಲಿ ವಾಲ್ಟನ್ ಎಂಬವರು ಅಮೆರಿಕದ ಹಲವು ರಾಜ್ಯಗಳಿಂದ ಇಂಥ ಪ್ರಕರಣಗಳ ಲೆಕ್ಕ ಒಟ್ಟುಮಾಡಿದರು. 278 ಕೂಸುಗಳು, ಅದರಲ್ಲಿ 39 ಸಾವು. ನೀರಿನ ಅಳತೆ ಸಿಕ್ಕ ಪ್ರಕರಣಗಳಲ್ಲಿ ಒಂದೂ 10ಕ್ಕಿಂತ ಕೆಳಗಿನದಲ್ಲ. 1962ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಆ ಗೆರೆಯನ್ನೇ ಮಾನಕವಾಗಿ ಸ್ವೀಕರಿಸಿತು. ನೈಟ್ರೇಟಿನ ಅಣುತೂಕ 62, ಅದರಲ್ಲಿ ಸಾರಜನಕದ ಪಾಲು 14. ಹಾಗಾಗಿ ಸಾರಜನಕದ ಲೆಕ್ಕದಲ್ಲಿ 10 ಆದದ್ದು ನೈಟ್ರೇಟಿನ ಲೆಕ್ಕದಲ್ಲಿ ಸುಮಾರು 45 ಆಗುತ್ತದೆ. ಅಮೆರಿಕದ ವರದಿಗಳಲ್ಲಿ ಇಂದಿಗೂ 10, ಭಾರತದ ವರದಿಗಳಲ್ಲಿ 45, ಗೆರೆ ಒಂದೇ. ಪ್ರಯೋಗಶಾಲೆಯ ಇಲಿಗಳ ಮೇಲೆ ನಿಂತ ಅಂಕಿ ಇದಲ್ಲ. ಸತ್ತ ಮತ್ತು ಬದುಕಿದ ಕೂಸುಗಳ ಎಣಿಕೆಯಿಂದ ಬಂದದ್ದು. ಆ ಕಾರಣಕ್ಕೇ ಅದನ್ನು ಬರಿಯ ಕೋಷ್ಟಕದ ಸಾಲಾಗಿ ಓದಿ ದಾಟುವುದು ಸಲ್ಲದು.

ಕಾಮ್ಲಿಯವರ ಕಾಲಕ್ಕೆ ತಪ್ಪು ಬಾವಿಯದಾಗಿತ್ತು. ಬಾವಿ ಸರಿಪಡಿಸಿದರೆ ಕೂಸು ಉಳಿಯುತ್ತಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಅಯೋವಾದ ಹೊಲವೇ ಬದಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಾಸಾಯನಿಕ ಸಾರಜನಕ ಅಗ್ಗವಾಯಿತು. ಹುಲ್ಲು, ಓಟ್ಸ್, ಕುದುರೆಮೆಂತ್ಯದ ಸರದಿ ಬೆಳೆಗಳು ಹಿಂದೆ ಸರಿದು ಮೆಕ್ಕೆಜೋಳ, ಸೋಯಾ ಎರಡೇ ಉಳಿದವು. ಜೊತೆಗೆ ಆ ನೆಲದ ಅಡಿಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಜಾಲವಿದೆ. ರಾಜ್ಯದ ಉತ್ತರ ಮತ್ತು ಮಧ್ಯ ಭಾಗ ಮೂಲತಃ ಜೌಗು. ಅದನ್ನು ಹೊಲ ಮಾಡಲು ಹತ್ತೊಂಬತ್ತನೆಯ ಶತಮಾನದಿಂದ ರೈತರು ಸುಟ್ಟ ಮಣ್ಣಿನ ಕೊಳವೆಗಳನ್ನು ನೆಲದಡಿ ಸಾಲಾಗಿ ಹೂಳಿದರು, ಈಗ ಪ್ಲಾಸ್ಟಿಕ್ ಕೊಳವೆ. ಬೇರಿಗೆ ಬೇಡವಾದ ನೀರು ಈ ಕೊಳವೆಗೆ ಬಸಿದು ಬಸಿಗಾಲುವೆಗೆ, ಅಲ್ಲಿಂದ ಹೊಳೆಗೆ ಹರಿಯುತ್ತದೆ. ಅದರೊಡನೆ ನೈಟ್ರೇಟೂ ಹೊರಡುತ್ತದೆ. ಕೊಯ್ಲಿನಿಂದ ಮುಂದಿನ ಬಿತ್ತನೆಯವರೆಗೆ ಹೊಲ ಬರಿದಾಗಿ ಬಿದ್ದಿರುವಾಗ ಅದನ್ನು ಹೀರಲು ಒಂದು ಬೇರೂ ಇರುವುದಿಲ್ಲ.

ಇದು ಬೆಳಕಿಗೆ ಬಂದದ್ದು ಈಶಾನ್ಯ ಅಯೋವಾದ ಬಿಗ್ ಸ್ಪ್ರಿಂಗ್ ಎಂಬ ಒರತೆಯಲ್ಲಿ. ಅಲ್ಲಿ ಸುಣ್ಣದಕಲ್ಲಿನ ನೆಲ. ಸುಮಾರು 103 ಚದರ ಮೈಲಿ ಹೊಲಗಳ ಕೆಳಗೆ ಇಂಗಿದ ನೀರಿನ ಬಹುಭಾಗ ಒಂದೇ ಬಾಯಲ್ಲಿ ಹೊರಚಿಮ್ಮುತ್ತದೆ. ಆ ಬಾಯಲ್ಲಿ ಸರ್ಕಾರದ ಟ್ರೌಟ್ ಮೀನುಮರಿ ಕೇಂದ್ರವಿದೆ. ಇಡೀ ಸೀಮೆಯ ಅಂತರ್ಜಲಕ್ಕೆ ಒಂದೇ ನಲ್ಲಿ ಇದ್ದ ಹಾಗೆ. ಅಳೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. 1981ರಿಂದ ಜಾರ್ಜ್ ಹಾಲ್‌ಬರ್ಗ್ ಮತ್ತು ಸಂಗಡಿಗರು ಆ ನೀರನ್ನು ಬಿಡದೆ ಅಳೆದರು. ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ನೈಟ್ರೇಟ್ ಸುಮಾರು ಮೂರು ಪಟ್ಟು ಏರಿತ್ತು, ಗೊಬ್ಬರದ ಬಳಕೆಯೂ ಅದೇ ಓಟದಲ್ಲಿ ಏರಿತ್ತು. ಅಟ್ರಜೀನ್ ಎಂಬ ಕಳೆನಾಶಕವೂ ಆ ನೀರಿನಲ್ಲಿತ್ತು. ಮೂಲ ಇದ್ದದ್ದು ಬಾವಿಯ ಬಿರುಕಿನಲ್ಲಿ ಅಲ್ಲ, ಹೊಲದ ಉದ್ದಗಲದಲ್ಲಿ. ಈ ಅಳತೆಯ ಬಲದಿಂದಲೇ 1987ರಲ್ಲಿ ಅಯೋವಾ ಅಂತರ್ಜಲ ರಕ್ಷಣಾ ಕಾಯ್ದೆ ಬಂತು. ಗೊಬ್ಬರ, ಕೀಟನಾಶಕಗಳ ಮೇಲಿನ ಶುಲ್ಕದಿಂದ ಸಂಶೋಧನೆಗೆ ಹಣ ಬಂತು, ಸುಸ್ಥಿರ ಕೃಷಿಗೆಂದು ಲಿಯೋಪೋಲ್ಡ್ ಕೇಂದ್ರ ಹುಟ್ಟಿತು. ಮೂವತ್ತು ವರ್ಷ ತುಂಬುವ ಹೊತ್ತಿಗೆ, 2017ರಲ್ಲಿ, ರಾಜ್ಯದ ಶಾಸನಸಭೆ ಆ ಕೇಂದ್ರದ ಹಣವನ್ನು ನಿಲ್ಲಿಸಿತು.

ಅಯೋವಾದ ರಾಜಧಾನಿ ಡಿ ಮೊಯ್ನ್ ನಗರಕ್ಕೆ ಕುಡಿಯುವ ನೀರು ರಕೂನ್ ಮತ್ತು ಡಿ ಮೊಯ್ನ್ ನದಿಗಳಿಂದ ಬರುತ್ತದೆ. ನಗರದ ಜಲಮಂಡಳಿ 1990ರ ದಶಕದ ಆರಂಭದಲ್ಲೇ ನೈಟ್ರೇಟ್ ತೆಗೆಯುವ ದೊಡ್ಡ ಘಟಕ ಕಟ್ಟಿತು. 2015ರಲ್ಲಿ ಅದನ್ನು 177 ದಿನ ಓಡಿಸಬೇಕಾಯಿತು. ಖರ್ಚು ಸುಮಾರು 15 ಲಕ್ಷ ಡಾಲರ್. ಮಂಡಳಿಯ ಮುಖ್ಯಸ್ಥ ಬಿಲ್ ಸ್ಟೋ ಎಂಜಿನಿಯರೂ ಹೌದು, ವಕೀಲರೂ ಹೌದು. ಅವರ ಸಿಬ್ಬಂದಿ ನದಿಯ ಮೇಲ್ಭಾಗಕ್ಕೆ ಹೋಗಿ ನೆಲದಡಿ ಕೊಳವೆಗಳ ಬಾಯಿಯಲ್ಲೇ ನೀರು ಹಿಡಿದು ಅಳೆದರು. ಮಿತಿಯನ್ನು ಹಲವು ಪಟ್ಟು ಮೀರಿದ ಅಳತೆಗಳು ಸಿಕ್ಕವು. ಅದೇ ವರ್ಷ ಮಾರ್ಚ್‌ನಲ್ಲಿ ಸ್ಯಾಕ್, ಕ್ಯಾಲ್ಹೂನ್, ಬ್ಯೂನ ವಿಸ್ತ ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ ಜಲಮಂಡಳಿ ದಾವೆ ಹೂಡಿತು. 1972ರ ಶುದ್ಧ ನೀರಿನ ಕಾಯ್ದೆ ಕಾರ್ಖಾನೆಯ ಕೊಳವೆಗೆ ಪರವಾನಗಿ ಕೇಳುತ್ತದೆ. ಹೊಲದಿಂದ ಹರಿದ ಮಳೆನೀರಿಗೆ ವಿನಾಯಿತಿ ಉಂಟು. ಹೊಲದಡಿಯ ಕೊಳವೆಯಿಂದ ಬಂದದ್ದು ಅಂತರ್ಜಲ, ಅದಕ್ಕೆ ಈ ವಿನಾಯಿತಿ ಸಲ್ಲದು ಎಂಬುದು ಜಲಮಂಡಳಿಯ ವಾದ. ಇಡೀ ರಾಜ್ಯ ಪಟ್ಟಣ, ಹಳ್ಳಿ ಎಂದು ಎರಡಾಯಿತು. 2017ರಲ್ಲಿ ದಾವೆ ವಜಾ ಆಯಿತು. ಬಸಿಗಾಲುವೆ ಮಂಡಳಿಗಳಿಗೆ ನೀರು ಬಸಿಯುವ ಅಧಿಕಾರ ಮಾತ್ರ ಇದೆ, ಅವುಗಳ ಮೇಲೆ ಇಂಥ ದಾವೆ ನಿಲ್ಲದು ಎಂಬುದು ತೀರ್ಪಿನ ತಿರುಳು. ನೀರಿನ ಅಳತೆ ಸರಿಯೇ ತಪ್ಪೇ ಎಂಬ ಪ್ರಶ್ನೆ ವಿಚಾರಣೆಗೇ ಬರಲಿಲ್ಲ. ಸ್ಟೋ 2019ರಲ್ಲಿ ತೀರಿಕೊಂಡರು.

ಈ ನಡುವೆ ಅಯೋವಾ ವಿಶ್ವವಿದ್ಯಾಲಯ ಹೊಳೆಗಳಲ್ಲಿ ಸಂವೇದಕಗಳ ಜಾಲ ಹರಡಿತ್ತು. ನೈಟ್ರೇಟ್ ಅತಿನೇರಳೆ ಬೆಳಕನ್ನು ಹೀರುತ್ತದೆ. ಎಷ್ಟು ಹೀರಿತೆಂದು ನೋಡಿ ಉಪಕರಣ ಪ್ರಮಾಣ ಹೇಳುತ್ತದೆ. ತಿಂಗಳಿಗೊಮ್ಮೆ ಬಾಟಲಿ ತುಂಬಿ ತಂದಾಗ ಕಾಣದ ಏರಿಳಿತ ಈಗ ಹದಿನೈದು ನಿಮಿಷಕ್ಕೊಮ್ಮೆ ಎಲ್ಲರ ಪರದೆಯ ಮೇಲೆ ಬರತೊಡಗಿತು. ಮಳೆ ಬಿದ್ದ ಮೇಲೆ ಯಾವ ಹಳ್ಳ ಯಾವ ದಿನ ಮಿತಿ ಮೀರಿತೆಂದು ರೈತನೂ ನೋಡಬಹುದಿತ್ತು, ಊರವರೂ ನೋಡಬಹುದಿತ್ತು. 2023ರಲ್ಲಿ ಶಾಸನಸಭೆ ಈ ಜಾಲಕ್ಕೆ ಹಣ ಕೊಡುತ್ತಿದ್ದ ಸಂಶೋಧನಾ ಕೇಂದ್ರದಿಂದ 5 ಲಕ್ಷ ಡಾಲರ್ ಕಿತ್ತು ಬೇರೆಡೆಗೆ ತಿರುಗಿಸಿತು. ಜಾಲ ಆಮೇಲೆ ಉಸಿರಾಡಿದ್ದು ಖಾಸಗಿ ಪ್ರತಿಷ್ಠಾನದ ನೆರವಿನಿಂದ. ಒಂದು ವರ್ಷದ ದಾಖಲೆ ತಪ್ಪಿದರೆ ಅದನ್ನು ಮುಂದೆಂದೂ ಮರಳಿ ಅಳೆಯಲಾಗದು. ಎಷ್ಟೋ ವರ್ಷಗಳ ಶ್ರಮದಿಂದ ಕೂಡಿಬಂದ ದಿನಚರಿಯನ್ನು ಹೀಗೆ ಕೈಬಿಡುವುದಕ್ಕೆ ಯಾವ ಸಮರ್ಥನೆಯೂ ಸಾಲದು. 2025ರ ಜೂನ್‌ನಲ್ಲಿ ನದಿಗಳ ನೈಟ್ರೇಟ್ ಮತ್ತೆ ಏರಿ, ಅದನ್ನು ತೆಗೆಯುವ ಘಟಕ ಪೂರ್ಣ ಬಲದಿಂದ ಓಡಿದರೂ ಸಾಲದೆ, ಡಿ ಮೊಯ್ನ್ ಸುತ್ತಲಿನ ಸುಮಾರು 6 ಲಕ್ಷ ಜನರಿಗೆ ಮನೆಮುಂದಿನ ಹುಲ್ಲಿಗೆ ನೀರು ಬಿಡಬೇಡಿ ಎಂಬ ನಿಷೇಧ ಬಂತು.

45 ಎಂಬ ಗೆರೆಯೂ ಕೊನೆಯ ಮಾತಲ್ಲ. ಅದು ನೀಲಿಗಟ್ಟುವ ಕೂಸನ್ನು ಕಾಯಲು ಎಳೆದದ್ದು, ಜೀವಮಾನವಿಡೀ ಆ ನೀರು ಕುಡಿದವರ ಲೆಕ್ಕ ಅದರಲ್ಲಿಲ್ಲ. ಡೆನ್ಮಾರ್ಕಿನಲ್ಲಿ 27 ಲಕ್ಷ ಜನರ ದಾಖಲೆ ಹಿಡಿದು ಮಾಡಿ 2018ರಲ್ಲಿ ಪ್ರಕಟವಾದ ಅಧ್ಯಯನ, ಲೀಟರಿಗೆ 4 ಮಿಲಿಗ್ರಾಂ ಆಸುಪಾಸಿನ ನೈಟ್ರೇಟಿಗೂ ದೊಡ್ಡಕರುಳಿನ ಕ್ಯಾನ್ಸರಿಗೂ ನಂಟು ಕಂಡಿತು.

ಕರ್ನಾಟಕಕ್ಕೆ ಈ ಕಥೆ ದೂರದ್ದಲ್ಲ. 2023ರ ಮುಂಗಾರುಪೂರ್ವ ಮಾದರಿಗಳನ್ನು ಆಧರಿಸಿದ ಕೇಂದ್ರ ಅಂತರ್ಜಲ ಮಂಡಳಿಯ ವರದಿಯಲ್ಲಿ ದೇಶದ ಮಾದರಿಗಳಲ್ಲಿ ಸುಮಾರು ಶೇ 20ರಷ್ಟು 45 ಮೀರಿದ್ದವು. ರಾಜಸ್ಥಾನದಲ್ಲಿ ಶೇ 49, ಅದರ ಬೆನ್ನಿಗೇ ಕರ್ನಾಟಕದಲ್ಲಿ ಶೇ 48. ಇಲ್ಲಿ ಕಾಮ್ಲಿ ಕಂಡ ಬಾವಿ, ಹಾಲ್‌ಬರ್ಗ್ ಕಂಡ ಹೊಲ ಎರಡೂ ಒಂದೇ ಊರಿನಲ್ಲಿವೆ: ಮನೆಪಕ್ಕದ ತಿಪ್ಪೆ, ಕೊಟ್ಟಿಗೆಯ ಗಂಜಲ, ತಳ ಕಟ್ಟದ ಶೌಚದ ಗುಂಡಿ ಒಂದು ಕಡೆ, ಮಳೆ ಕಂಡೊಡನೆ ಎರಚುವ ಯೂರಿಯಾ ಇನ್ನೊಂದು ಕಡೆ. ಗಟ್ಟಿಕಲ್ಲಿನ ಸೀಳುಗಳಲ್ಲಿ ನಿಂತ ಸ್ವಲ್ಪ ನೀರಿಗೆ ಇವೆಲ್ಲ ಇಳಿಯುತ್ತವೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ ನೈಟ್ರೇಟನ್ನು ತೆಗೆಯಬಲ್ಲದು. ತೆಗೆದದ್ದೆಲ್ಲ ಅದು ಹೊರಬಿಡುವ ನೀರಿನಲ್ಲೇ ಇರುತ್ತದೆ, ಆ ನೀರು ಹಳ್ಳಿಯ ಚರಂಡಿಯಿಂದ ಮತ್ತೆ ನೆಲಕ್ಕಿಳಿಯುತ್ತದೆ.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ತಿಳಿಯದು. ಪರೀಕ್ಷೆಗೆ ಹಿಡಿದ ನೀರನ್ನು ತಣ್ಣಗಿಟ್ಟು ಎರಡು ದಿನದೊಳಗೆ ಅಳೆಯಬೇಕು. ತಡವಾದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳೇ ಪ್ರಮಾಣ ಬದಲಿಸುತ್ತವೆ. ಜಲಜೀವನ್ ಮಿಷನ್ ಹಳ್ಳಿಗೆ ಐವರು ಹೆಂಗಸರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿಯನ್ನು ತನ್ನ ಯೋಜನೆಯಲ್ಲಿ ಸೇರಿಸಿದೆ. ತಾಯಿ ಕುಡಿದ ನೀರಿನ ನೈಟ್ರೇಟ್ ಎದೆಹಾಲಿಗೆ ಹೆಚ್ಚಾಗಿ ಇಳಿಯುವುದಿಲ್ಲವಾದ್ದರಿಂದ ಎದೆಹಾಲು ಕುಡಿಯುವ ಕೂಸು ಬಹುಮಟ್ಟಿಗೆ ಸುರಕ್ಷಿತ. ಹಾಲು ಸಾಲದೆ ಪುಡಿ ಕಲಸಿ ಕುಡಿಸುವ ಬಾಣಂತಿಯ ಮನೆಗೆ ಬರುವ ಕೊಳವೆಬಾವಿಯ ನೀರಿಗೆ ಆ ಕಿಟ್ ಮೊದಲು ಹೋಗಬೇಕು.