ಆಕಾಶದಲ್ಲಿ ಮೊಬೈಲು: ಕಟ್ಟಳೆ ಯಾವುದು, ಕಾರಣ ಯಾವುದು?

ಮುಂಬಯಿಯಿಂದ ಊರಿಗೆ ಹೋಗುವುದೆಂದರೆ ಒಂದು ಕಾಲಕ್ಕೆ ಹಡಗಿನ ಪ್ರಯಾಣ. ತರುವಾಯ ಘಟ್ಟ ಹತ್ತಿ ಇಳಿಯುವ ಬಸ್ಸು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ರೈಲು. ಇಂದು ಅದೇ ಊರಿಗೆ ವಿಮಾನವೂ ಉಂಟು. ಹಿಂದೆ ಧಣಿಗಳಿಗೆ ಮಾತ್ರ ದಕ್ಕುತ್ತಿದ್ದ ಆ ವಾಹನದಲ್ಲಿ ಈಗ ನಮ್ಮ ಸಪ್ಲಾಯರನೂ ಕಾರಕೂನನೂ ಕುಳಿತುಕೊಳ್ಳುತ್ತಾರೆ. ರಜೆಗೆಂದು ಹೋಗುವವರು ಕೆಲವರು. ತಾಯಿಗೆ ಕಾಯಿಲೆ ಎಂಬ ಸುದ್ದಿ ಕೇಳಿ, ಸಾಲ ಮಾಡಿಯಾದರೂ ಟಿಕೇಟು ಕೊಂಡು ಹೋಗುವವರು ಹಲವರು.

ವಿಮಾನದ ಬಾಗಿಲು ಮುಚ್ಚುತ್ತಲೇ ಗಗನಸಖಿಯ ಪ್ರಕಟಣೆ ಕೇಳಿಬರುತ್ತದೆ: ಮೊಬೈಲನ್ನು ಆರಿಸತಕ್ಕದ್ದು, ಇಲ್ಲವೇ ‘ಫ್ಲೈಟ್ ಮೋಡ್’ಗೆ ತರತಕ್ಕದ್ದು. ಇದನ್ನು ಕೇಳುವವರಲ್ಲಿ ಎರಡು ಪಂಗಡ. ಒಬ್ಬನು ಅಂಜುವವನು, ಗುಂಡಿಯೊಂದನ್ನು ತಪ್ಪಿ ಒತ್ತಿದರೆ ವಿಮಾನವೇ ಬಿದ್ದೀತೆಂದು ಬೆವರುತ್ತಾನೆ. ಇನ್ನೊಬ್ಬನು ಎಲ್ಲ ಬಲ್ಲವನು, “ಎಷ್ಟು ಸಲ ಹೋಗಿಲ್ಲ, ಏನಾಯಿತು?” ಎನ್ನುತ್ತ ವಿಮಾನ ಓಡತೊಡಗಿದರೂ ಮಾತು ನಿಲ್ಲಿಸುವುದಿಲ್ಲ. ಇಬ್ಬರೂ ನಮ್ಮವರೇ. ಇಬ್ಬರ ಕೊರತೆಯೂ ಒಂದೇ. ಕಟ್ಟಳೆಯನ್ನು ಹೇಳಿದವರು ಅದರ ಕಾರಣವನ್ನು ಅವರಿಗೆ ಹೇಳಲಿಲ್ಲ.

ಹೋಟೆಲು ನಡೆಸಿದವರಿಗೆ ಈ ಸಂಗತಿ ಹೊಸತಲ್ಲ. ಅಡಿಗೆಮನೆಗೆ ಹೊಸದಾಗಿ ಸೇರಿದವನಿಗೆ “ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡ” ಎಂದಷ್ಟೇ ಹೇಳಿ ಬಿಟ್ಟರೆ, ಗಾಬರಿಯಲ್ಲಿ ಅವನು ಮೊದಲು ಮಾಡುವ ಕೆಲಸವೇ ನೀರು ಸುರಿಯುವುದು. ಕಾದ ಎಣ್ಣೆಗೆ ಬಿದ್ದ ನೀರು ಕ್ಷಣಾರ್ಧದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ನಾಲ್ದೆಸೆಗೆ ಸಿಡಿಸುತ್ತದೆ ಎಂದು ತಿಳಿಸಿ ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ. ವಿಮಾನದ ಕಟ್ಟಳೆಗಳನ್ನೂ ಹಾಗೆಯೇ, ಕಾರಣಸಹಿತವಾಗಿ, ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ರೇಡಿಯೋದಿಂದ ಆರಂಭ

ಈ ಕಟ್ಟಳೆಗೆ ಮೊದಲು ಕಾರಣವಾದದ್ದು ಮೊಬೈಲಲ್ಲ, ಕೈಯಲ್ಲಿ ಹಿಡಿದೊಯ್ಯುವ ರೇಡಿಯೋ. ಅಮೇರಿಕೆಯ ವಿಮಾನಯಾನ ಆಡಳಿತವು 1961ರಲ್ಲಿ ಪ್ರಯಾಣಿಕರು ಹಾರಾಟದಲ್ಲಿ ಎಫ್.ಎಂ. ರೇಡಿಯೋ ಹಚ್ಚಬಾರದೆಂದು ನಿಷೇಧಿಸಿತು. ರೇಡಿಯೋ ಕೇಳಿಸುವ ಪೆಟ್ಟಿಗೆ, ಅದು ಯಾರಿಗೇನು ಮಾಡೀತು ಎಂದು ಕೇಳಬಹುದು. ಆದರೆ ಕೇಳಿಸುವ ಪೆಟ್ಟಿಗೆಯೊಳಗೂ ಸಣ್ಣದೊಂದು ತರಂಗ ತಾನಾಗಿ ಹುಟ್ಟುತ್ತಿರುತ್ತದೆ. ನಾವು ಕೇಳುವ ನಿಲಯದ ಸಂಖ್ಯೆಗಿಂತ ಇದು ಸಾಮಾನ್ಯವಾಗಿ 10.7 ಮೆಗಾಹರ್ಟ್ಸ್ ಮೇಲಿರುತ್ತದೆ. 100ರ ನಿಲಯವನ್ನು ಕೇಳಿದರೆ, ಪೆಟ್ಟಿಗೆಯಿಂದ 110.7ರ ಸಣ್ಣ ತರಂಗವೊಂದು ಹೊರಗೆ ಸೋರುತ್ತದೆ. ವಿಮಾನಕ್ಕೆ ದಿಕ್ಕು ತೋರುವ ಮತ್ತು ರನ್‌ವೇಯ ನಡುಗೆರೆ ಹಿಡಿಸುವ ಸಂಕೇತಗಳು ಬರುವುದು 108ರಿಂದ 118ರ ನಡುವೆ! ಚಾಲಕನು ಕೇಳಬೇಕಾದ ಮಾತಿನ ನಡುವೆ ಪ್ರಯಾಣಿಕನ ಪೆಟ್ಟಿಗೆ ಬಾಯಿ ಹಾಕಿದಂತಾಯಿತು.

1966ರಲ್ಲಿ ಆ ನಿಯಮವನ್ನು ವಿಸ್ತರಿಸಿ, ಯಾವ ಉಪಕರಣಕ್ಕೆ ಅನುಮತಿ ಕೊಡಬಹುದೆಂದು ನಿರ್ಣಯಿಸುವ ಹೊಣೆಯನ್ನು ವಿಮಾನ ಕಂಪೆನಿಗಳ ಮೇಲೆ ಹೊರಿಸಿದರು. ಕಿವಿ ಮಂದವಾದವರ ಶ್ರವಣಯಂತ್ರ, ಹೃದಯಕ್ಕೆ ಇಟ್ಟ ಪೇಸ್‌ಮೇಕರ್, ವಿದ್ಯುತ್ ಕ್ಷೌರಯಂತ್ರ, ಧ್ವನಿ ಮುದ್ರಿಸುವ ಯಂತ್ರ—ಇವುಗಳಿಗೆ ಆಗಲೇ ವಿನಾಯಿತಿ ಇತ್ತು. ಶ್ರವಣಯಂತ್ರವನ್ನು ಆರಿಸಬೇಕೇನೋ ಎಂದು ನಮ್ಮ ಹಿರಿಯರು ಸಂದೇಹಪಡಬೇಕಾದ ಕಾರಣವಿಲ್ಲ.

ಮೊಬೈಲು ಬಂದಾಗ ಇನ್ನೊಂದು ತೊಡಕು ಕಾಣಿಸಿತು. ನೆಲದ ಮೇಲಿರುವ ಫೋನು ಸಮೀಪದ ಒಂದೆರಡು ಗೋಪುರಗಳೊಡನೆ ವ್ಯವಹರಿಸುತ್ತದೆ. ಎತ್ತರದಲ್ಲಿರುವ ಫೋನಿಗೆ ಏಕಕಾಲಕ್ಕೆ ಹತ್ತಾರು ಗೋಪುರಗಳು ಕಾಣುತ್ತವೆ. ವಿಮಾನದ ವೇಗದಲ್ಲಿ ಒಂದೊಂದನ್ನೂ ಹಿಡಿಯುವಷ್ಟರಲ್ಲಿ ಅದು ಹಿಂದೆ ಉಳಿಯುತ್ತದೆ. ಇದರಿಂದ ನೆಲದ ಜಾಲಕ್ಕೆ ತೊಂದರೆಯಾಗುತ್ತದೆಂದು 1991ರಲ್ಲಿ ಅಮೇರಿಕೆಯ ದೂರಸಂಪರ್ಕ ಆಯೋಗವು ಹಾರುವ ವಿಮಾನದಲ್ಲಿ ಮೊಬೈಲ್ ಮಾತುಕತೆಯನ್ನು ನಿಷೇಧಿಸಿತು. ಈ ನಿಷೇಧಕ್ಕೆ ಮುಖ್ಯ ಕಾರಣ ವಿಮಾನ ಬೀಳುವ ಭಯವಲ್ಲ; ನೆಲದ ಮೇಲಿನ ದೂರವಾಣಿ ವ್ಯವಸ್ಥೆಯ ರಕ್ಷಣೆ.

ಸಡಿಲವಾದ ಕಟ್ಟು

ವಿಮಾನಗಳ ತಂತಿಗಳಿಗೂ ಯಂತ್ರಗಳಿಗೂ ಕಾಲಕ್ರಮದಲ್ಲಿ ಒಳ್ಳೆಯ ರಕ್ಷಾಕವಚ ಬಂದಿತು. ಪರೀಕ್ಷೆಗಳು ನಡೆದುವು. ಪ್ರಯಾಣಿಕನ ಮೊಬೈಲಿನಿಂದಲೇ ದೊಡ್ಡ ವಿಮಾನವೊಂದು ಬಿದ್ದಿತೆಂದು ನಿರ್ವಿವಾದವಾಗಿ ಸಿದ್ಧವಾದ ಉದಾಹರಣೆ ಇಲ್ಲ. 2013ರ ಅಕ್ಟೋಬರ್ 31ರಂದು ಅಮೇರಿಕೆಯ ಆಡಳಿತವು, ತಮ್ಮ ವಿಮಾನಗಳು ಈ ತರಂಗಗಳನ್ನು ತಾಳಿಕೊಳ್ಳಬಲ್ಲವೆಂದು ಕಂಪೆನಿಗಳು ತೋರಿಸಿಕೊಟ್ಟರೆ, ಹೊರಡುವಾಗಿನಿಂದ ಇಳಿಯುವ ತನಕ ಚಿಕ್ಕ ಉಪಕರಣಗಳನ್ನು ಬಳಸಬಹುದೆಂದು ಸಾರಿತು; ಫೋನು ಮಾತ್ರ ಫ್ಲೈಟ್ ಮೋಡಿನಲ್ಲಿರಬೇಕು.

ನಮ್ಮ ದೇಶದಲ್ಲಿ 1937ರ ವಿಮಾನ ನಿಯಮಾವಳಿಗೆ ತರುವಾಯ ಸೇರಿದ 29-ಬಿ ವಿಧಿ ಇಂಥ ಉಪಕರಣಗಳನ್ನು ತಡೆದಿತ್ತು. 2014ರ ಏಪ್ರಿಲಿನಲ್ಲಿ ನಾಗರಿಕ ವಿಮಾನಯಾನದ ಮಹಾ ನಿರ್ದೇಶನಾಲಯವು ಫ್ಲೈಟ್ ಮೋಡಿನಲ್ಲಿಟ್ಟ ಫೋನನ್ನು ಪ್ರಯಾಣದುದ್ದಕ್ಕೂ ಬಳಸಲು ಸಮ್ಮತಿಸಿತು. 2018ರ ಡಿಸೆಂಬರಿನಲ್ಲಿ ವಿಮಾನ ಹಾಗೂ ಹಡಗುಗಳ ಸಂಪರ್ಕ ನಿಯಮಗಳು ಬಂದುವು. ಅವುಗಳ ಪ್ರಕಾರ ವಿಮಾನ 3000 ಮೀಟರ್ ಎತ್ತರ ದಾಟಿದ ಮೇಲೆ ಸಂಪರ್ಕಸೇವೆ ಕೊಡಬಹುದು. 2020ರ ತಿದ್ದುಪಡಿಯಂತೆ ಮುಖ್ಯ ಚಾಲಕನ ಒಪ್ಪಿಗೆಯಿದ್ದರೆ ವೈಫೈ ಮೂಲಕ ಇಂಟರ್‌ನೆಟ್ ಬಳಸಬಹುದು. ಆದುದರಿಂದ ಪಕ್ಕದವನು ವಿಮಾನದಲ್ಲಿ ಸಂದೇಶ ಕಳುಹಿಸುತ್ತಿದ್ದರೆ ಅವನು ಕಟ್ಟಳೆ ಮುರಿದನೆಂದೇ ಅರ್ಥವಲ್ಲ. ವಿಮಾನದ್ದೇ ಆದ ವೈಫೈ ಇದ್ದಿರಬಹುದು.

ಊರಿನಿಂದ ಏನು ಸುದ್ದಿ ಬರುವುದೋ ಎಂಬ ಆತಂಕದಲ್ಲಿ ಫೋನು ಆರಿಸಲು ಮನಸ್ಸು ಬಾರದವರೂ ಇದ್ದಾರೆ. ಅವರಿಗೆ ಒಂದು ಮಾತು. ಆಕಾಶದಲ್ಲಿ ಫೋನನ್ನು ಹಾಗೆಯೇ ಬಿಟ್ಟರೂ ಅದಕ್ಕೆ ಗೋಪುರ ಸರಿಯಾಗಿ ಸಿಗುವುದಿಲ್ಲ. ಹುಡುಕಿ ಹುಡುಕಿ ಬ್ಯಾಟರಿ ಬರಿದಾಗುತ್ತದೆ. ಇಳಿದ ಮೇಲೆ ಮನೆಗೆ ಮಾಡಬೇಕಾದ ಮುಖ್ಯ ಕರೆಗೇ ಅದು ಕೈಕೊಟ್ಟೀತು. ಫ್ಲೈಟ್ ಮೋಡಿಗೆ ತಂದರೆ ಸಂದೇಶಗಳು ನಾಶವಾಗುವುದಿಲ್ಲ. ಇಳಿದು ಜಾಲಕ್ಕೆ ಸೇರಿದೊಡನೆ ಬಂದು ಸೇರುತ್ತವೆ.

ಹಾಗಾದರೆ ತರಂಗಗಳ ಭಯ ಪೂರ್ತಿಯಾಗಿ ತೀರಿತೇ? ತೀರಲಿಲ್ಲ. ಮೊಬೈಲನ್ನು ರೇಡಿಯೋದ ಪಕ್ಕದಲ್ಲಿಟ್ಟಾಗ ಕರೆ ಬರುವ ಮುನ್ನ ‘ಟರ್ ಟರ್’ ಎಂಬ ಸದ್ದನ್ನು ಕೇಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದೇ ಸದ್ದು ಚಾಲಕನ ಕಿವಿಗೂ ಬೀಳಬಲ್ಲದು. ವಿಮಾನ ಬೀಳುವುದಿಲ್ಲ ನಿಜ. ಆದರೆ ಇಳಿಯುವ ಹೊತ್ತಿನಲ್ಲಿ ನಿಯಂತ್ರಣ ಕೇಂದ್ರದ ಒಂದು ಅಂಕಿ ತಪ್ಪಿ ಕೇಳಿಸಬಾರದು. ಮಂಜು ಮಳೆಗಳಿಂದ ಕಣ್ಣಿಗೆ ದಾರಿ ಕಾಣದೆ ಯಂತ್ರಗಳನ್ನೇ ನಂಬಿ ಇಳಿಯಬೇಕಾದಾಗ, ಉಪಕರಣಗಳನ್ನು ಪೂರ್ತಿ ಆರಿಸಿರೆಂದು ಹೇಳುವ ಅವಕಾಶವನ್ನು ಸಡಿಲಿಕೆಯ ಕಾಲದಲ್ಲಿಯೂ ಉಳಿಸಿಕೊಳ್ಳಲಾಗಿದೆ.

ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು; ರನ್‌ವೇಯ ತುದಿ ದಾಟಿದರೆ ಕಮರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಜಾರಿ 158 ಮಂದಿ ತೀರಿಕೊಂಡುದನ್ನು ಕರಾವಳಿಯ ಮನೆಗಳು ಮರೆತಿಲ್ಲ. ಆ ದುರಂತಕ್ಕೂ ಮೊಬೈಲಿಗೂ ಸಂಬಂಧವಿಲ್ಲ. ತಪ್ಪಾದ ಇಳಿತವನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದು ಕಾರಣವೆಂದು ತನಿಖೆ ಹೇಳಿತು. ಆದರೂ ಆಟಿಯ ಮಳೆಯಲ್ಲಿ ಅಂಥ ಗುಡ್ಡದ ಮೇಲೆ ಇಳಿಸುವವನಿಗೆ ನಮ್ಮಿಂದ ಎಳ್ಳಷ್ಟೂ ಅಡಚಣೆಯಾಗದಿರಲಿ ಎಂಬುದು ವಿವೇಕವಲ್ಲವೇ?

ಈಗಿನ ಭಯ ಬೆಂಕಿಯದು

ತರಂಗದ ಭಯ ಕುಗ್ಗಿದಂತೆ ಇನ್ನೊಂದು ಭಯ ಬೆಳೆಯಿತು. ಅದು ಫೋನಿನ ಹೊಟ್ಟೆಯಲ್ಲಿರುವ ಲಿಥಿಯಂ ಬ್ಯಾಟರಿ. ಜಜ್ಜಿ ಹೋದರೆ, ಒಳಗಿನ ಪದರ ಹರಿದರೆ, ಅಥವಾ ತಯಾರಿಕೆಯಲ್ಲಿಯೇ ದೋಷವಿದ್ದರೆ ಅದು ಒಳಗಿಂದೊಳಗೆ ಕಾಯತೊಡಗುತ್ತದೆ. ಆ ಕಾವೇ ಇನ್ನಷ್ಟು ಕಾವನ್ನು ಹುಟ್ಟಿಸಿ ಹೊಗೆಯೂ ಉರಿಯೂ ಏಳುತ್ತವೆ. 2016ರಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ನೋಟ್ 7 ಎಂಬ ಫೋನು ಹೀಗೆ ಉರಿಯತೊಡಗಿ, ಅದನ್ನು ವಿಮಾನದೊಳಗೆ ತರುವುದನ್ನೇ ಅಮೇರಿಕ ನಿಷೇಧಿಸಿತು.

2025ರ ಜನವರಿ 28ರ ರಾತ್ರಿ ದಕ್ಷಿಣ ಕೊರಿಯದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನದಲ್ಲಿ ತಲೆಯ ಮೇಲಿನ ಸಾಮಾನು ಗೂಡಿನಿಂದ ಬೆಂಕಿ ಎದ್ದಿತು. ಒಳಗಿದ್ದ 176 ಮಂದಿಯೂ ಹೊರಬಿದ್ದು ಬದುಕಿದರು; ವಿಮಾನದ ಚಾವಣಿ ಸುಟ್ಟುಹೋಯಿತು. ಪವರ್ ಬ್ಯಾಂಕೊಂದರ ಒಳಗಿನ ದೋಷವೇ ಕಾರಣವಿರಬಹುದೆಂದು ತನಿಖಾಧಿಕಾರಿಗಳು ಮಾರ್ಚಿನಲ್ಲಿ ತಿಳಿಸಿದರು. ಆ ಮೇಲೆ ಕೊರಿಯದಲ್ಲಿ ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲಿ ಇಡದೆ ಕೈಗೆಟುಕುವಲ್ಲಿಯೇ ಇಟ್ಟುಕೊಳ್ಳಬೇಕೆಂಬ ನಿಯಮ ಬಂದಿತು.

ಪವರ್ ಬ್ಯಾಂಕನ್ನು ಕೆಳಗಿನ ಉಗ್ರಾಣಕ್ಕೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿ ಏಕೆ ಇಡಬಾರದು? ಅಲ್ಲಿ ಹೊತ್ತಿದರೆ ನೋಡುವವರಿಲ್ಲ. ಉಗ್ರಾಣದ ನಂದಕ ವಾಯು ಜ್ವಾಲೆಯನ್ನು ಅಡಗಿಸಿದರೂ ಬ್ಯಾಟರಿಯ ಒಳಗಾವನ್ನು ನಿಲ್ಲಿಸಲಾರದು. ಕೈಚೀಲದಲ್ಲಿದ್ದರೆ ಹೊಗೆ ಕಂಡೊಡನೆ ಯಾರಾದರೂ ಕೂಗುತ್ತಾರೆ. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಹಣದಲ್ಲಿ ಅಣ್ಣತಮ್ಮಂದಿರಿಗೆಂದು ಕೊಂಡ ಸಾಮಾನಿನ ಪೆಟ್ಟಿಗೆಯನ್ನು ನಿಲ್ದಾಣದಲ್ಲಿ ಎಲ್ಲರೆದುರು ಬಿಚ್ಚಿಸುವ ದೃಶ್ಯ ಅಪರೂಪವಲ್ಲ. ಬಹುಮಟ್ಟಿಗೆ ಅದಕ್ಕೆ ಕಾರಣ, ಬಟ್ಟೆಯ ನಡುವೆ ಸುತ್ತಿಟ್ಟ ಪವರ್ ಬ್ಯಾಂಕು. ತಿಳಿದಿದ್ದರೆ ಈ ಅವಮಾನ ತಪ್ಪುತ್ತಿತ್ತು.

ಅದರ ಅಳತೆಗೂ ಮಿತಿಯುಂಟು: 100 ವಾಟ್-ಅವರ್. ಅದಕ್ಕಿಂತ ಮೇಲೆ 160ರ ತನಕ ಕಂಪೆನಿಯ ಒಪ್ಪಿಗೆ ಬೇಕು. 160 ಮೀರಿದರೆ ತರುವಂತೆಯೇ ಇಲ್ಲ. ಪವರ್ ಬ್ಯಾಂಕಿನ ಮೇಲೆ ಎಂ.ಎ.ಎಚ್. ಎಂಬ ಮೂರು ಅಕ್ಷರಗಳ ಪಕ್ಕದಲ್ಲಿರುವ ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. 10,000ಕ್ಕೆ 37, 20,000ಕ್ಕೆ 74, 27,000ಕ್ಕೆ ಹತ್ತಿರ ಹತ್ತಿರ 100. ಅಕ್ಷರವೂ ಅಂಕಿಯೂ ಅಳಿಸಿಹೋದ, ಹೊಟ್ಟೆ ಉಬ್ಬಿದ ಹಳೆಯ ಸರಕನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಲೇಸು. ಕಂಪೆನಿಗಳ ನಿಯಮಗಳು ಇನ್ನೂ ಬಿಗಿಯಾಗುತ್ತಿವೆ. ದುಬೈಯ ಎಮಿರೇಟ್ಸ್ ಕಂಪೆನಿಯು 2025ರ ಅಕ್ಟೋಬರ್ 1ರಿಂದ ಪವರ್ ಬ್ಯಾಂಕನ್ನು ಒಂದೇ ಒಂದು ತರಬಹುದು, ವಿಮಾನದೊಳಗೆ ಬಳಸಕೂಡದು ಎಂದಿದೆ. ಹೊರಡುವ ಮುನ್ನ ಆಯಾ ಕಂಪೆನಿಯ ನಿಯಮವನ್ನು ಕೇಳಿ ತಿಳಿಯುವುದು ಕ್ಷೇಮ.

ಫೋನು ಆಸನದ ಸಂದಿಗೆ ಜಾರಿದರೆ ಏನು ಮಾಡಬೇಕು? ಆಸನವನ್ನು ಹಿಂದೆ ಮುಂದೆ ಸರಿಸದೆ ಸಿಬ್ಬಂದಿಯನ್ನು ಕರೆಯಬೇಕು. ಆಸನದ ಕಬ್ಬಿಣಕ್ಕೆ ಸಿಕ್ಕಿ ಫೋನು ಜಜ್ಜಿದರೆ ಅಲ್ಲಿಯೇ ಉರಿ ಏಳಬಹುದು. ಬ್ಯಾಟರಿಗೆ ಬೆಂಕಿ ಹತ್ತಿದರಂತೂ ನಮ್ಮ ಬಾಣಲೆಯ ಪಾಠ ತಿರುವುಮುರುವಾಗುತ್ತದೆ: ನಂದಕದಿಂದ ಜ್ವಾಲೆ ಅಡಗಿದ ಮೇಲೆ ಸಿಬ್ಬಂದಿ ಅದರ ಮೇಲೆ ನೀರನ್ನೇ ಸುರಿಯುತ್ತಾರೆ, ಒಳಗಾವು ಇಳಿಯಲೆಂದು. ಕಾರಣ ತಿಳಿಯದವನು ಅಲ್ಲಿ ಅಡ್ಡಬಂದರೆ ಅನರ್ಥವೇ ಸರಿ.

ಎಲ್ಲಕ್ಕಿಂತ ಮಿಗಿಲಾದ ಕಟ್ಟಳೆ

ಏರುವಾಗಲೂ ಇಳಿಯುವಾಗಲೂ ಲ್ಯಾಪ್‌ಟಾಪನ್ನು ಒಳಗಿಡಿರೆಂದು ಹೇಳುವುದಕ್ಕೆ ತರಂಗ ಕಾರಣವಲ್ಲ, ತೂಕ ಕಾರಣ. ವಿಮಾನ ಹಠಾತ್ತನೆ ನಿಂತರೆ ಅದು ಹಾರಿ ಯಾರದೋ ತಲೆಗೆ ಬಡಿಯುತ್ತದೆ. ಕಾಲಿನಡಿ ಬಿದ್ದರೆ ಓಡುವವರ ದಾರಿ ಕಟ್ಟುತ್ತದೆ. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬೀಳುವಂತಿರಬೇಕೆಂಬುದು ವಿಮಾನದ ರಚನೆಗೆ ವಿಧಿಸಿರುವ ಪರೀಕ್ಷೆ.

2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ನೆಲಕ್ಕಪ್ಪಳಿಸಿ ಹೊತ್ತಿತು. ಪ್ರಯಾಣಿಕರಲ್ಲಿ ಹೆಚ್ಚಿನವರು ಭಾರತೀಯರು. ಹೊಗೆ ತುಂಬುತ್ತಿದ್ದಾಗ ಕೆಲವರು ಗೂಡಿನಿಂದ ಚೀಲ ಇಳಿಸುವುದರಲ್ಲಿದ್ದರು. ಮೊಬೈಲಿನಿಂದ ಚಿತ್ರ ತೆಗೆಯುವವರೂ ಇದ್ದರು. ಒಳಗಿದ್ದ 300 ಮಂದಿಯೂ ಪಾರಾದರು. ಆದರೆ ಬೆಂಕಿ ಆರಿಸಲು ಬಂದ ಅಗ್ನಿಶಾಮಕ ಯೋಧನೊಬ್ಬನು ಪ್ರಾಣ ತೆತ್ತನು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಹೊತ್ತಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿ ಸಾಮಾನನ್ನೆಲ್ಲ ಬಿಟ್ಟು ಇಳಿದು ಬದುಕಿದರು. ಲ್ಯಾಪ್‌ಟಾಪು ಮತ್ತೆ ಕೊಳ್ಳಬಹುದು. ಹಿಂದಿನ ಸಾಲಿನಲ್ಲಿರುವ ತಾಯಿಯ ಕೈಯ ಮಗುವನ್ನು ಕೊಳ್ಳಲಾದೀತೇ?

ಈಗ ವಿಮಾನ ಕಂಪೆನಿಗಳಿಗೂ ಒಂದು ಮಾತು. ಈ ಪ್ರಕಟಣೆಗಳು ಸಾಮಾನ್ಯವಾಗಿ ಕೇಳಿಬರುವುದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಗೆ ಹೋಗುವ ವಿಮಾನದಲ್ಲಿ ಕನ್ನಡದ ನಾಲ್ಕು ವಾಕ್ಯಗಳಿಗೆ ಒಂದು ನಿಮಿಷ ಸಾಕು. ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ಕೇಳುವವನ ಭಾಷೆಯಲ್ಲಿ ಹೇಳುವುದು ಉಪಚಾರವಲ್ಲ, ಕರ್ತವ್ಯ. ಅರ್ಥವಾಗದೆ ಸುಮ್ಮನಿದ್ದವನನ್ನು ಒರಟನೆಂದು ಗದರಿಸುವುದು ನ್ಯಾಯವಲ್ಲ.

ಅಲ್ಲಿಯ ತನಕ ಈ ಕೆಲಸ ನಮ್ಮದೇ. ಹೋಟೆಲಿನಿಂದ ಮೊದಲ ಬಾರಿ ವಿಮಾನ ಹತ್ತುವ ಹುಡುಗನಿಗೆ ಧಣಿಗಳಾದವರು ಟಿಕೇಟು ತೆಗೆಸಿಕೊಟ್ಟರೆ ಸಾಲದು. ಪವರ್ ಬ್ಯಾಂಕು ಕೈಚೀಲದಲ್ಲಿರಲಿ, ಫೋನು ಫ್ಲೈಟ್ ಮೋಡಿನಲ್ಲಿರಲಿ, ಇಳಿಯಿರೆಂದು ಕೂಗಿದರೆ ಬರಿಗೈಯಲ್ಲಿ ಇಳಿಯಲಿ—ಈ ಮೂರನ್ನೂ, ಮೂರಕ್ಕೂ ಕಾರಣವನ್ನೂ ಹಿಂದಿನ ರಾತ್ರಿ ಕುಳ್ಳಿರಿಸಿ ಹೇಳಿ ಕಳುಹಿಸಬೇಕು. ಹಾಗೆ ತಿಳಿದು ಹೋದವನು ಅಂಜುವುದೂ ಇಲ್ಲ, ಯಾರ ಮುಂದೆಯೂ ತಲೆ ತಗ್ಗಿಸುವುದೂ ಇಲ್ಲ.