ಕೊನೆಯ ಇಪ್ಪತ್ತು ಕಿಲೋಮೀಟರ್

ಚಂದ್ರನ ಬಳಿಯಿಂದ ಹೊರಟ ಲೇಸರ್ ಕಿರಣಕ್ಕೆ ಸುಮಾರು 3.85 ಲಕ್ಷ ಕಿ.ಮೀ. ದಾರಿಯಲ್ಲಿ ಅಡ್ಡಿ ಎಂಬುದೇ ಇಲ್ಲ. ನೆಲ ಮುಟ್ಟುವ ಮುಂಚಿನ 20 ಕಿ.ಮೀ.ನಲ್ಲೇ ಅದರ ಕಷ್ಟವೆಲ್ಲ. 2013ರ ಅಕ್ಟೋಬರಿನಲ್ಲಿ ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಲ್ಯಾಡೀ ನೌಕೆ ಬರೀ ಅರ್ಧ ವ್ಯಾಟ್ ಲೇಸರಿನಿಂದ ಸೆಕೆಂಡಿಗೆ 622 ಮೆಗಾಬಿಟ್ ಮಾಹಿತಿ ಕಳಿಸಿತು. ಅದನ್ನು ಹಿಡಿದದ್ದು ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕೇಂದ್ರ. ಅಷ್ಟು ದೂರ ದಾಟಿದ್ದಕ್ಕಿಂತ ಆ ಗಾಳಿಯನ್ನು ದಾಟಿದ್ದೇ ನನಗೆ ದೊಡ್ಡ ಸಾಧನೆ.

ಗಾಳಿಯಲ್ಲಿ ಬಿಸಿ, ತಣ್ಣನೆಯ ಸುಳಿಗಳು ಸದಾ ಬೆರೆಯುತ್ತಿರುತ್ತವೆ. ಉಷ್ಣತೆ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಗಾಳಿಯ ವಕ್ರೀಭವನಾಂಕ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಬದಲಾಗುತ್ತದೆ. ಅದೇನು ಮಹಾ ಅನ್ನಿಸಬಹುದು. ಆದರೆ ಈ ಲೇಸರಿನ ಅಲೆಯುದ್ದ ಸುಮಾರು 1.55 ಮೈಕ್ರಾನ್. ಒಂದೂವರೆ ಮೀಟರ್ ಸಾಗುವುದರೊಳಗೆ, ಬಿಸಿ ಗಾಳಿಯಲ್ಲಿ ಬಂದ ಬೆಳಕಿಗೂ ಪಕ್ಕದ ತಣ್ಣನೆಯ ಗಾಳಿಯಲ್ಲಿ ಬಂದದ್ದಕ್ಕೂ ಒಂದು ಪೂರ್ತಿ ಅಲೆಯಷ್ಟು ಅಂತರ ಬಿದ್ದಿರುತ್ತದೆ. ಹೀಗೆ ಮುಂದುಹಿಂದಾದ ಅಲೆಗಳು ಒಂದು ಕಡೆ ಕೂಡಿ ಹೊಳೆಯುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತವೆ. ನಕ್ಷತ್ರ ಮಿನುಗುವುದೂ ಇದರಿಂದಲೇ.

ಮಾರ್ಚ್ ತಿಂಗಳ ಸಂಜೆ, ದಾವಣಗೆರೆಯ ನಮ್ಮ ತಾರಸಿಯ ಕಾಂಕ್ರೀಟು ಹಗಲಿನ ಬಿಸಿಲನ್ನು ಇನ್ನೂ ಕಕ್ಕುತ್ತಿರುವಾಗ ನಾನು ಲುಬ್ಧಕವನ್ನು ನೋಡುತ್ತೇನೆ. ಬರಿಗಣ್ಣಿಗೆ ಅದು ಜೋರಾಗಿ ಮಿನುಗುತ್ತದೆ. 8 ಇಂಚಿನ ದೂರದರ್ಶಕದಲ್ಲಿ ಮಿನುಗು ಕಡಿಮೆ, ಬದಲಿಗೆ ಚುಕ್ಕೆ ಕುದಿಯುವಂತೆ ಚದುರಿ ಕುಣಿಯುತ್ತದೆ. ಅಗಲವಾದ ಕನ್ನಡಿ ಬೆಳಕಿನ ಏರಿಳಿತವನ್ನು ಸರಾಸರಿ ಮಾಡಿಬಿಡುತ್ತದೆ. ವೈಟ್ ಸ್ಯಾಂಡ್ಸಿನಲ್ಲಿ 40 ಸೆಂ.ಮೀ.ನ ನಾಲ್ಕು ದೂರದರ್ಶಕಗಳನ್ನು ಜೋಡಿಸಿದ್ದರ ಲಾಭವೂ ಇದೇ. ಅಲ್ಲಿನ ಸಂವೇದಕಗಳು ಬೆಳಕಿನ ಕಣಗಳನ್ನು ಎಣಿಸುವಂಥವು; ಚುಕ್ಕೆ ತುಸು ಚದುರಿದರೂ ಕೆಲಸ ಕೆಡುತ್ತಿರಲಿಲ್ಲ.

ಆದರೂ ಆಗೊಮ್ಮೆ ಈಗೊಮ್ಮೆ ಬೆಳಕು ಮಂಕಾಗುತ್ತದೆ. ಬರೀ 5 ಮಿಲಿಸೆಕೆಂಡ್ ಮಂಕಾದರೂ 31 ಲಕ್ಷ ಬಿಟ್‌ಗಳು ಹೋದಂತೆ. ಅದಕ್ಕೇ ಎಂಜಿನಿಯರುಗಳು ಬಿಟ್‌ಗಳ ಕ್ರಮವನ್ನು ಕದಡಿ, ಸುಮಾರು ಒಂದು ಸೆಕೆಂಡಿನುದ್ದಕ್ಕೂ ಹರಡಿ ಕಳಿಸಿದರು. ಪುಸ್ತಕದ ಒಂದು ಹಾಳೆಯೇ ಹರಿದುಹೋದರೆ ಓದಲಾಗದು. ಪ್ರತಿ ಸಾಲಿನಲ್ಲೂ ಒಂದೊಂದು ಅಕ್ಷರ ಅಳಿಸಿದ್ದರೆ ಊಹಿಸಿ ಓದಬಹುದು. ಆ ಊಹೆಯ ಕೆಲಸ ತಪ್ಪು ತಿದ್ದುವ ಸಂಕೇತಗಳದ್ದು. ಈ ಉಪಾಯ ನನಗೆ ಬಲು ಇಷ್ಟ.

ನೆಲದಿಂದ ಮೇಲಕ್ಕೆ ಕಳಿಸುವುದು ಇನ್ನೂ ತ್ರಾಸದ ಕೆಲಸ. ಹೊರಟ ಕೂಡಲೇ ಗಾಳಿ ಕಿರಣವನ್ನು ಅಲುಗಿಸುತ್ತದೆ, ಸಣ್ಣ ವಾಲಿಕೆ ದೂರ ಹೋದಷ್ಟೂ ಬೆಳೆಯುತ್ತದೆ. ಒಂದು ಡಿಗ್ರಿಯ 3,600ನೇ ಒಂದು ಪಾಲು ವಾಲಿದರೂ ಚಂದ್ರನ ಬಳಿ ಸುಮಾರು 1.9 ಕಿ.ಮೀ. ಆಚೀಚೆ. ಹಾಗಾಗಿ ನಾಲ್ಕು ಬೇರೆ ಬೇರೆ ಕಿರಣಗಳನ್ನು ಕಳಿಸಿದರು. ಒಂದು ತಪ್ಪಿದರೆ ಇನ್ನೊಂದು ತಾಗಲಿ ಅಂತ.

ಚಂದ್ರ ದಿಗಂತದಿಂದ 4 ಡಿಗ್ರಿಯಷ್ಟೇ ಮೇಲಿದ್ದಾಗಲೂ ಮಾಹಿತಿ ತಪ್ಪಿಲ್ಲದೆ ಬಂತು. ಆಗ ಕಿರಣ ದಾಟಬೇಕಾದ ಗಾಳಿ, ಚಂದ್ರ ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 12 ಪಟ್ಟು! ದಟ್ಟ ಮೋಡದ ಮುಂದೆ ಮಾತ್ರ ಇದ್ಯಾವುದೂ ನಡೆಯದು. 2021ರಲ್ಲಿ ಹಾರಿಸಿದ ಲೇಸರ್ ಸಂವಹನ ಉಪಕರಣಕ್ಕೆ ನಾಸಾ ಕ್ಯಾಲಿಫೋರ್ನಿಯಾದಲ್ಲೊಂದು, ಹವಾಯಿಯ ಬೆಟ್ಟದ ಮೇಲೊಂದು ನೆಲಕೇಂದ್ರ ಇಟ್ಟುಕೊಂಡದ್ದು ಅದಕ್ಕೇ.