ದೀಪ ಉರಿದರೂ ಎಂಜಿನ್ ಹೊರಡದೇಕೆ?

ಮಾಗಡಿ, ಕನಕಪುರ, ಚನ್ನಪಟ್ಟಣಗಳ ಸೀಮೆಯ ರೈತರು ಬೆಳಗಿನ ಹೊತ್ತು ರೇಷ್ಮೆಗೂಡಿನ ಚೀಲವನ್ನು ಮೋಟಾರ್ ಸೈಕಲ್ಲಿಗೆ ಬಿಗಿದು ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಡುವುದುಂಟು. ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ಅದರ ತೂಕ ಇಳಿಯುವುದು. ಇನ್ನೂ ತಡವಾದರೆ ಒಳಗಿನ ಜೀವಿಯು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುವುದು. ಅಂಥ ಅವಸರದಲ್ಲಿ ಸ್ಟಾರ್ಟರ್ ಗುಂಡಿಯನ್ನು ಒತ್ತಿದರೆ ‘ಟಿಕ್ ಟಿಕ್’ ಎಂಬ ಸದ್ದಷ್ಟೇ. ಇಂಡಿಕೇಟರ್ ಮಿನುಗುತ್ತಿದೆ, ಹಾರನ್ನೂ ಕೂಗುತ್ತಿದೆ. ಬ್ಯಾಟರಿ ಸರಿಯಾಗಿಯೇ ಇದೆಯಲ್ಲ ಎಂದು ಸವಾರನು ಪ್ಲಗ್ಗನ್ನು ಬಿಚ್ಚತೊಡಗುವನು.

ಆದರೆ ದೀಪದ ಸಾಕ್ಷ್ಯವನ್ನು ನಂಬಲಾಗದು. ಪ್ರತಿಯೊಂದು ಬ್ಯಾಟರಿಯೊಳಗೂ ಅದರದೇ ಆದ ರೋಧವಿರುತ್ತದೆ. ಬ್ಯಾಟರಿ ಹಳತಾದಂತೆ ಇದು ಹೆಚ್ಚುವುದು. ದುರ್ಬಲವಾದ ಬ್ಯಾಟರಿಯೊಂದರಲ್ಲಿ ಇದು 0.1 ಓಮ್ ಎಂದಿಟ್ಟುಕೊಳ್ಳೋಣ. ಇಂಡಿಕೇಟರ್ ದೀಪಗಳು ಸೆಳೆಯುವ ಪ್ರವಾಹ ಸುಮಾರು 2 ಆಂಪೇರ್. ಒಳಗೆ ನಷ್ಟವಾಗುವುದು ಕೇವಲ 0.2 ವೋಲ್ಟ್. ಸ್ಟಾರ್ಟರ್ ಮೋಟಾರು 50 ಆಂಪೇರ್ ಸೆಳೆದರೆ ನಷ್ಟವು 5 ವೋಲ್ಟ್! ವಿಶ್ರಾಂತಿಯಲ್ಲಿ 12.5 ವೋಲ್ಟ್ ತೋರಿಸುತ್ತಿದ್ದ ಬ್ಯಾಟರಿಯು ಆ ಕ್ಷಣದಲ್ಲಿ 7.5ಕ್ಕೆ ಕುಸಿಯುವುದು. ಕಿಡಿ ಹಾರಬೇಕಾದುದೂ ಅದೇ ಕ್ಷಣದಲ್ಲಿ.

ಕಿಡಿಗೆ ಇದರಿಂದ ಬೀಳುವ ಪೆಟ್ಟು ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಬ್ಯಾಟರಿಯ ಪ್ರವಾಹವು ಇಗ್ನಿಷನ್ ಕಾಯಿಲಿನ ಪ್ರಥಮ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಪ್ರವಾಹವನ್ನು ಥಟ್ಟನೆ ಕಡಿದಾಗ ಕ್ಷೇತ್ರವು ಕುಸಿದು, ಸಾವಿರಾರು ಸುತ್ತುಗಳ ದ್ವಿತೀಯ ಸುರುಳಿಯಲ್ಲಿ 10,000 ವೋಲ್ಟಿಗೂ ಮಿಕ್ಕ ಒತ್ತಡವು ಹುಟ್ಟಿ ಪ್ಲಗ್ಗಿನ ಸಂದನ್ನು ದಾಟುತ್ತದೆ. ಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ವೋಲ್ಟೇಜು 12.5ರಿಂದ 7.5ಕ್ಕೆ, ಎಂದರೆ ಐದರಲ್ಲಿ ಮೂರು ಪಾಲಿಗೆ ಇಳಿದರೆ, ಕಾಯಿಲಿನ ಪೂರ್ಣ ಪ್ರವಾಹವೂ ಅಷ್ಟೇ ಪಾಲಿಗೆ ಇಳಿಯುವುದು. ಶಕ್ತಿಯಾದರೋ ಇಪ್ಪತ್ತೈದರಲ್ಲಿ ಒಂಬತ್ತು ಪಾಲಾಗುವುದು! ಎಂಜಿನ್ ತಣ್ಣಗಿದ್ದು ಪೆಟ್ರೋಲು ಸರಿಯಾಗಿ ಆವಿಯಾಗದಿದ್ದರೆ ಈ ಬಡಕಿಡಿ ಸಾಲದು.

ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಅಲ್ಲಿ ತಯಾರಾದ ಜಾವಾ 250ರಲ್ಲಿದ್ದುದು 6 ವೋಲ್ಟ್ ಬ್ಯಾಟರಿ, ಎಂದರೆ ಮೂರೇ ಕೋಶಗಳು. ಒಂದು ಕೋಶ ಕೆಟ್ಟರೆ ಮೂರರಲ್ಲೊಂದು ಪಾಲು ವೋಲ್ಟೇಜು ಹೋಯಿತು. ಕಾಯಿಲಿನ ಶಕ್ತಿ ಅರ್ಧಕ್ಕೂ ಕಡಿಮೆ. ಆರು ಕೋಶಗಳ 12 ವೋಲ್ಟ್ ಬ್ಯಾಟರಿಯಲ್ಲಾದರೆ ಅದೇ ಕೇಡಿನಿಂದ ಹೋಗುವುದು ಆರರಲ್ಲೊಂದು ಪಾಲು ಮಾತ್ರ. ಆದರೂ ಜಾವಾದಲ್ಲಿ ಒಂದು ಅನುಕೂಲವಿತ್ತು: ಅದನ್ನು ಹೊರಡಿಸುತ್ತಿದ್ದುದು ಕಾಲು. ಕಿಕ್ಕರ್ ಒದೆದಾಗ ಬ್ಯಾಟರಿಯ ಮೇಲೆ ಸ್ಟಾರ್ಟರಿನ ಹೊರೆ ಬೀಳದು.

ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯ ಬಿ.ಎಸ್.ಎ. ಮೋಟಾರ್ ಸೈಕಲ್ಲನ್ನು ವಾಚಕರು ನೋಡಿರಬಹುದು. ಅದು ಎರಡನೆಯ ಮಹಾಯುದ್ಧದ ಕಾಲದ ಡಬ್ಲ್ಯೂ.ಎಂ.20. ಅದರ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಎಂಜಿನ್ನಿನೊಡನೆ ತಿರುಗುವ ಮ್ಯಾಗ್ನೆಟೋ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುವುದು.

2020ರಿಂದೀಚಿನ ಬಹುಪಾಲು ಪೆಟ್ರೋಲ್ ಗಾಡಿಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲಿನ ಪಂಪು, ಇಂಜೆಕ್ಟರು, ಇವನ್ನು ನಡೆಸುವ ಪುಟ್ಟ ಗಣಕ ಎಲ್ಲಕ್ಕೂ ತಕ್ಕ ವೋಲ್ಟೇಜು ಬೇಕು. ಹಲವು ಗಾಡಿಗಳಿಗೆ ಕಿಕ್ಕರೇ ಇಲ್ಲ. ಆದ್ದರಿಂದ ವೋಲ್ಟ್‌ಮೀಟರನ್ನು ಬ್ಯಾಟರಿಯ ತುದಿಗಳಿಗೆ ಹಿಡಿದು, ಗುಂಡಿಯನ್ನು ಒತ್ತಿರುವಾಗಲೇ ಮುಳ್ಳನ್ನು ನೋಡಬೇಕು. 12 ವೋಲ್ಟಿನ ಬ್ಯಾಟರಿಯು 9ಕ್ಕಿಂತ ಬಹಳ ಕೆಳಗಿಳಿದರೆ ಅದನ್ನು ಚಾರ್ಜು ಮಾಡಿಸಿ ಮತ್ತೆ ಪರೀಕ್ಷಿಸುವುದು ಲೇಸು. ಇಳಿಯದಿದ್ದರೂ ಸ್ಟಾರ್ಟರ್ ತೊದಲಿದರೆ, ತಂತಿಯ ಕೀಲುಗಳಲ್ಲಿ ಕಟ್ಟಿದ ಕಿಲುಬನ್ನು ಉಜ್ಜಿ ಬಿಗಿಮಾಡಿ ನೋಡಬೇಕು. ಆ ಕಿಲುಬೂ ಒಂದು ರೋಧವೇ.